ನೆರೆಹೊರೆ ಬಾನುಲಿಗೆ ಬಿದ್ದ ಬೆಂಕಿ

“ರವಿಕುಮಾರನ್ನ ಪೊಲೀಸರು ಕರ್ಕೊಂಡ್ಹೋದ್ರು ಮೇಡಂ. ಅವ್ನು ಅಂಥವನಲ್ಲ,” ಎಂದು ತನ್ಮಯಿ ಜಯನಗರದ ನಮ್ಮ ಮನೆ ಬಾಗಿಲಲ್ಲೇ ಅಳತೊಡಗಿದಳು.

ಮೇಡಂ ಎಂದರೆ ನನ್ನ ಅತ್ತಿಗೆ ಸೀತಾಲಕ್ಷ್ಮಿ. ಪೊಲೀಸ್ ಪ್ರಯೋಗಾಲಯದಲ್ಲಿ ಬೆಂಕಿ ಅವಘಡಗಳನ್ನು ಪರೀಕ್ಷಿಸುತ್ತಿದ್ದು ನಿವೃತ್ತರಾದವರು. ಅವರು ಹೋದಲ್ಲೆಲ್ಲ ಜೊತೆಗೆ ಹೋಗುವುದು ನನ್ನ ರೂಢಿ.

ತನ್ಮಯಿ ಹೊಸ ರೇಡಿಯೊ ಜಾಲವೊಂದನ್ನು ಕಟ್ಟುತ್ತಿದ್ದಳು. ಆಯಾ ಊರಿನ ಮಾತು ಆಯಾ ಊರಿನವರಿಗೆ ಕೇಳಿಸಬೇಕೆಂಬುದು ಅವಳ ಹಂಬಲ. ಕಾರ್ಯಕ್ರಮಗಳು ಸಿದ್ಧವಿದ್ದವು, ಬಿತ್ತರಿಸಲು ಕೇಂದ್ರಗಳಿರಲಿಲ್ಲ. ಎಲ್ಲಿ ಹೋಗಿ ಕೇಳಿದರೂ ಆ ಕೇಂದ್ರವನ್ನು ಒಂದೇ ದೊಡ್ಡ ಕಂಪನಿ ಆಗಲೇ ಕೊಂಡುಬಿಟ್ಟಿರುತ್ತಿತ್ತು. ಉಳಿದದ್ದು ಬನಶಂಕರಿಯ ‘ನೆರೆಹೊರೆ’ ಮಾತ್ರ. ಅದರ ಮಾಲೀಕ ಚೂಡಾಮಣಿ ಒಪ್ಪಿದ್ದರು. ಸೋಮವಾರ ಮೊದಲ ಪ್ರಸಾರವಾಗಬೇಕಿತ್ತು. ಭಾನುವಾರ ಮಧ್ಯಾಹ್ನ ಸ್ಟುಡಿಯೊ ಸುಟ್ಟುಹೋಯಿತು.

ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಚೂಡಾಮಣಿ ಮತ್ತು ತಂತ್ರಜ್ಞ ರವಿಕುಮಾರನ ಬಳಿ ಮಾತ್ರ. ಹಿಂದಿನ ವಾರ ಇಬ್ಬರಿಗೂ ಜೋರು ಜಗಳವಾಗಿತ್ತು. ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ನಾವು ಸ್ಟುಡಿಯೊಗೆ ಹೋದಾಗ ಚೂಡಾಮಣಿ ಹೆಂಡತಿಯ ಫೋಟೊ ಅಪ್ಪಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. “ಬೆಂಕಿ ಆರಿದ್ಮೇಲೆ ಒಳಗೆ ಹೋಗಿ, ಮೈಕಿನ ಹಿಂದಿನ ಗೋಡೆ ಮೊಳೆಯಿಂದ ಇದೊಂದನ್ನ ತಗೊಂಡ್ ಬಂದೆ. ಮಿಕ್ಕಿದ್ದೆಲ್ಲಾ ಹೋಯ್ತಮ್ಮ.”

ಒಳಗೆ ಯಂತ್ರಗಳು ಕರಗಿ ಮುದ್ದೆಯಾಗಿದ್ದವು. ಮೈಕಿನ ಹಿಂದಿನ ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಮಸಿಯಾಗಿತ್ತು. ಅತ್ತಿಗೆ ಅಲ್ಲಿದ್ದ ಮೊಳೆಯನ್ನು ಬಹಳ ಹೊತ್ತು ನೋಡಿದರು.

ಮರುದಿನ ಸಂಜೆ ಅತ್ತಿಗೆ ಕರೆದಿದ್ದಕ್ಕೆ ನಮ್ಮ ಮನೆಯ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಕೇಂದ್ರಗಳನ್ನೆಲ್ಲ ಕೊಳ್ಳುತ್ತಿದ್ದ ಆ ಕಂಪನಿಯ ಪ್ರತಿನಿಧಿ ಶ್ರೀಕರ್ ಕೂಡ ಬಂದಿದ್ದ. ಇನ್ಸ್‌ಪೆಕ್ಟರ್ ಸುಭಾಷ್ ರವಿಕುಮಾರನನ್ನು ಕರೆತಂದಿದ್ದರು.

“ನಾ ಹಚ್ಚಿಲ್ರೀ ಮೇಡಂ,” ಎಂದ ರವಿಕುಮಾರ.

“ಗೊತ್ತಪ್ಪ,” ಎಂದು ಅತ್ತಿಗೆ ಚೂಡಾಮಣಿಯ ಕಡೆ ತಿರುಗಿದರು. “ಬೆಂಕಿ ಹತ್ತಿದಾಗ ಫೋಟೊ ಗೋಡೆ ಮೇಲೆ ಇದ್ದಿದ್ರೆ, ಅದರ ಹಿಂದಿನ ಜಾಗ ಬಿಳಿಯಾಗಿ ಉಳೀಬೇಕಿತ್ತು. ಅಲ್ಲೂ ಮಸಿ ಇದೆ. ಅಂದ್ರೆ ಬೆಂಕಿಗೆ ಮುಂಚೇನೇ ಅದನ್ನ ತೆಗೆದಿದ್ರಿ. ಆಮೇಲೆ ತೆಗೆದೆ ಅಂತ ಸುಳ್ಳು ಹೇಳಿದ್ರಿ. ಬೀಗದ ಕೈ ನಿಮ್ಮ ಹತ್ರ ಇತ್ತು. ಆ ಫೋಟೊ ಸುಡಬಾರದು ಅನ್ನೋ ಸಂಕಟಾನೂ ನಿಮಗೇ ಇದ್ದಿದ್ದು.”

ಚೂಡಾಮಣಿ ಒಪ್ಪಿಕೊಂಡರು. “ಜಾಹೀರಾತಿನವರೆಲ್ಲ ಈ ಕಂಪನಿಯವರ ಹತ್ರಾನೇ ಹೋಗ್ತಾರೆ. ನಾನೊಬ್ಬ ಎಷ್ಟು ದಿನ ನಡೆಸ್ಲಿ? ತನ್ಮಯಿ ಜೊತೆ ಸೇರಿದ್ರೆ ನಿಮ್ಮ ಸ್ಟೇಷನ್ ಕೊಳ್ಳಲ್ಲ ಅಂದ್ರು. ಇವಳಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದೆ. ಈ ಹುಡುಗಿ ಮುಖ ನೋಡಿ ಆಗಲ್ಲ ಅನ್ನೋಕ್ಕೆ ಆಗ್ಲಿಲ್ಲ. ಸ್ಟುಡಿಯೊ ಸುಟ್ರೆ ಪ್ರಸಾರ ತಾನಾಗೇ ನಿಲ್ಲುತ್ತೆ, ಲೈಸೆನ್ಸ್ ಅವರಿಗೆ ಮಾರಬಹುದು ಅಂದ್ಕೊಂಡೆ.”

“ನನ್ನ ತಲೀಗೆ ಕಟ್ಟಾಕ ಆತೇನ್ರೀ?” ಎಂದ ರವಿಕುಮಾರ.

ಶ್ರೀಕರ್ ಎದ್ದು ಅಂಗಿ ಸರಿಮಾಡಿಕೊಂಡ. “ಬೆಂಕಿ ಹಚ್ಚಿ ಅಂತ ನಾವೇನೂ ಹೇಳಿಲ್ಲ ಸಾರ್.” ಸುಭಾಷ್ ಏನೂ ಮಾಡುವಂತಿರಲಿಲ್ಲ. ಶ್ರೀಕರ್ ಹೊರಟುಹೋದ.

“ಕಂಡುಹಿಡಿದ್ರಿ ಮೇಡಂ. ಈಗ ನಾನ್ ಯಾರ ಹತ್ರ ಹೋಗ್ಲಿ?” ಎಂದಳು ತನ್ಮಯಿ.

ಚೂಡಾಮಣಿ ಜೈಲಿನಲ್ಲಿದ್ದಾಗಲೇ ಕಂಪನಿ ‘ನೆರೆಹೊರೆ’ಯನ್ನು ಕೊಂಡಿತು. ರವಿಕುಮಾರನಿಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಕೇಂದ್ರಗಳೆಲ್ಲ ಅವರವೇ ಆಗಿದ್ದವು. ಅವನು ಬಿ.ಟಿ.ಎಂ. ಬಡಾವಣೆಯ ರೂಮು ಖಾಲಿಮಾಡಿ ತನ್ನೂರು ಬಾದಾಮಿಗೆ ಹೊರಟ.

ಒಂದು ಬೆಳಿಗ್ಗೆ ‘ನೆರೆಹೊರೆ’ ಬಾನುಲಿಯಲ್ಲಿ, ಎಲ್ಲೋ ದೂರದಲ್ಲಿ ಕುಳಿತ ದನಿಯೊಂದು ಹೊಸಕೆರೆಹಳ್ಳಿಯನ್ನು ‘ಹೊಸ್ಕರಹಲ್ಲಿ’ ಎನ್ನುತ್ತ ಅಲ್ಲಿನ ಟ್ರಾಫಿಕ್ ವಿವರಿಸುತ್ತಿತ್ತು. ಅತ್ತಿಗೆ ಎದ್ದುಹೋಗಿ ರೇಡಿಯೊ ಆರಿಸಿದರು.