ಆರೋಗ್ಯ ಕೊಠಡಿಯಿಂದ ಮೂರು ಚೀಟಿ

"ನಿಲ್ಲಿ! ಈ ಮಗು ಇವತ್ತು ಒಳಗೆ ಬರೋ ಹಾಗಿಲ್ಲ!"

ರಜೆ ಮುಗಿದು ಶಾಲೆ ತೆರೆದ ಮೊದಲ ದಿನ. ಗೇಟಿನ ಬಳಿ ನಿಂತಿದ್ದ ಶಾಲೆಯ ನರ್ಸ್, ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳ ಕೆಂಪಾದ ಮುಖ ನೋಡಿ ಕೈ ಅಡ್ಡ ಹಿಡಿದಿದ್ದಳು. ಥರ್ಮಾಮೀಟರ್ ನೂರೊಂದು ತೋರಿಸುತ್ತಿತ್ತು.

ಹುಡುಗಿಯ ಕೈ ಹಿಡಿದಿದ್ದವನು ಗಾಬರಿಯಾದ. ಅಂಗಿಯ ಮೇಲೆ ಗ್ರೀಸ್ ಕಲೆ, ಹೆಗಲಲ್ಲಿ ಸಲಕರಣೆ ಚೀಲ.

"ಮೇಡಂ, ಒಂದೇ ಒಂದು ಗಂಟೆ ನೋಡ್ಕೊಳ್ಳಿ. ನಾನು ಲಿಫ್ಟ್ ಮೆಕ್ಯಾನಿಕ್. ಎರಡು ಬೀದಿ ಆಚೆ ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಿದ್ದಾರೆ!"

"ಜ್ವರ ಇರೋ ಮಗುನ ಯಾಕೆ ಕರ್ಕೊಂಡು ಬಂದ್ರಿ?"

"ಮನೆಯಿಂದ ಹೊರಡೋವಾಗ ಇರಲಿಲ್ಲ..."

"ಜ್ವರದ ಮಾತ್ರೆ ನುಂಗಿಸಿ ಶಾಲೆಗೆ ಬಿಟ್ಟು ಹೋಗೋರನ್ನ ನಾನು ಬೇಕಾದಷ್ಟು ನೋಡಿದೀನಿ. ಜ್ವರ ಪೂರ್ತಿ ಬಿಟ್ಟು ಒಂದು ದಿನ ಕಳೆದ ಮೇಲೆ ಕರ್ಕೊಂಡು ಬನ್ನಿ."

ಸುತ್ತಲಿದ್ದ ಪೋಷಕರೆಲ್ಲ ತಿರುಗಿ ನೋಡಿದರು. ಅವನು ಫೋನ್ ತೆಗೆದು ಜೊತೆಗಾರನಿಗೆ ಲಿಫ್ಟಿನ ವಿಳಾಸ ಹೇಳಿದ, ಮಗುವನ್ನು ಎತ್ತಿಕೊಂಡು ನಡೆದ.

ತಾನು ಹೇಳಿದ್ದರಲ್ಲಿ ತಪ್ಪೇನಿಲ್ಲ... ಆದರೂ ಅವನು ವಾದಿಸದೆ ಹೋದದ್ದು ಯಾಕೋ ಅವಳ ಮನಸ್ಸಿಗೆ ಅಂಟಿಕೊಂಡಿತು.

ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ಹೋದ ಮೇಲೆ ಅವಳನ್ನು ಸಾಕುತ್ತಿದ್ದವನು ಈ ಸೋದರಮಾವ. ಇದು ನರ್ಸಿಗೆ ತಿಳಿದದ್ದು ಮುಂದಿನ ತಿಂಗಳು, ಕಣ್ಣಿನ ತಪಾಸಣೆಯ ದಿನ.

ಗುಬ್ಬಿ ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೊದಲ ಸಾಲು ಬಿಟ್ಟು ಏನೂ ಓದಲಿಲ್ಲ. "ಬೇಗ ಕಣ್ಣಿನ ಡಾಕ್ಟರಿಗೆ ತೋರಿಸಿ" ಎಂದು ನರ್ಸ್ ಚೀಟಿ ಬರೆದು ಕಳಿಸಿದಳು. ಉತ್ತರವಿಲ್ಲ. ಎರಡನೆಯ ಚೀಟಿ. ಮೂರನೆಯದು. ಊಹೂಂ!

ಬೇಸತ್ತು ಗುಬ್ಬಿಯ ಆರೋಗ್ಯ ಕಡತದಲ್ಲಿ ಒಂದು ಸಾಲು ಬರೆದಳು: 'ಪೋಷಕರ ನಿರ್ಲಕ್ಷ್ಯ.'

ನಾಲ್ಕೇ ದಿನಕ್ಕೆ ಅವನು ಆರೋಗ್ಯ ಕೊಠಡಿಯ ಬಾಗಿಲಲ್ಲಿ ನಿಂತಿದ್ದ.

"ಹೆಡ್‌ಮಿಸ್ಸು ನೀವು ಬರೆದದ್ದು ನೋಡಿ ಗುಬ್ಬಿಯ ಅಜ್ಜಿಗೆ, ಅವಳ ಅಪ್ಪನ ತಾಯಿಗೆ, ಫೋನ್ ಮಾಡಿದ್ರಂತೆ. ನಾನು ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಅವರು ಭಾನುವಾರ ಬಂದು ಅವಳನ್ನ ತಮ್ಮೂರಿಗೆ ಕರ್ಕೊಂಡು ಹೋಗ್ತಾರಂತೆ."

"ಮೂರು ಚೀಟಿ ಕಳಿಸಿದೆ..."

"ನನಗೆ ಒಂದೂ ಬಂದಿಲ್ಲ ಮೇಡಂ. ನಾನು ಸುಳ್ಳು ಹೇಳೋನಲ್ಲ. ಅವತ್ತು ಗೇಟಿನ ಹತ್ರಾನೂ ಹೇಳಿರಲಿಲ್ಲ."

ಕೂಗಾಡಿದ್ದರೆ ಅವಳೂ ಜಗಳಕ್ಕೆ ನಿಲ್ಲುತ್ತಿದ್ದಳೇನೋ. ಅವನ ದನಿ ಮಾತ್ರ ತೀರಾ ತಗ್ಗಿತ್ತು!

ಮರುದಿನ ಹೊಟ್ಟೆನೋವೆಂದು ಗುಬ್ಬಿಯೇ ಬಂದಳು. ನರ್ಸ್ ಹೊಟ್ಟೆ ಮುಟ್ಟಿ ನೋಡಿದಳು, ನೋವಿನ ಲಕ್ಷಣವೇ ಇಲ್ಲ.

"ಏನಾಯ್ತು ಕಂದಾ? ನಿಜ ಹೇಳು."

ಗುಬ್ಬಿ ಶೂ ಬಿಚ್ಚಿದಳು. ಅದರೊಳಗಿಂದ ಮಡಚಿ ಮಡಚಿ ಚಪ್ಪಟೆಯಾಗಿದ್ದ ಮೂರು ಚೀಟಿ ಹೊರಬಂದವು!

"ಯಾಕೆ ಬಚ್ಚಿಟ್ಟೆ?"

"ಕನ್ನಡಕ ಹಾಕ್ಕೊಂಡ್ರೆ ನಾನು ಅಮ್ಮನ ಥರಾನೇ ಕಾಣ್ತೀನಿ. ಅಮ್ಮನ ಫೋಟೋ ನೋಡಿದ್ರೆ ಮಾಮ ಅಳ್ತಾನೆ... ನನ್ನ ನೋಡಿ ದಿನಾ ಅತ್ರೆ?"

ನರ್ಸ್ ಆ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದಳು. 'ಅಯ್ಯೋ, ಎಂಥ ತಪ್ಪು ಮಾಡಿಬಿಟ್ಟೆ! ಒಂದು ಮಾತು ವಿಚಾರಿಸಬಾರದಿತ್ತೇ?'

ಅವಳು ನೇರ ಹೆಡ್‌ಮಿಸ್ ಕೋಣೆಗೆ ಹೋಗಿ ಕಡತ ತೆಗೆಸಿದಳು. ಆ ಸಾಲನ್ನು ಹೊಡೆದುಹಾಕಿ, 'ವಿಚಾರಿಸದೆ ಬರೆದದ್ದು, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದಳು. ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು.

ಅಜ್ಜಿ, "ಈ ವಯಸ್ಸಲ್ಲಿ ಅವಳ ಹಿಂದೆ ಓಡೋ ಶಕ್ತಿ ನನಗೆಲ್ಲಿದೆ ತಾಯಿ? ಮಗು ಚೆನ್ನಾಗಿದ್ರೆ ಸಾಕು. ನೋಡ್ಕೊಂಡು ಹೋಗೋಕಷ್ಟೇ ಬರ್ತೀನಿ" ಎಂದರು.

ಇನ್ನು ಉಳಿದದ್ದು ಅತ್ಯಂತ ಕಷ್ಟದ ಕೆಲಸ.

ಅವನು ಹಳೆಯ ಕಟ್ಟಡವೊಂದರಲ್ಲಿ ಲಿಫ್ಟಿನ ಬಾಗಿಲು ಸರಿಮಾಡುತ್ತಿದ್ದ. ಮೂರು ಮಹಡಿ ಹತ್ತಿ ಬಂದವಳಿಗೆ ಮಾತಾಡಲು ಉಸಿರೇ ಇರಲಿಲ್ಲ.

"ನನ್ನಿಂದ... ತಪ್ಪಾಯ್ತು. ದೊಡ್ಡ ತಪ್ಪು."

"ಮೊದಲು ಕೂತ್ಕೊಳ್ಳಿ ಮೇಡಂ. ಲಿಫ್ಟ್ ಕೆಟ್ಟಿದೆ ಅಂತ ಕೆಳಗೆ ಬೋರ್ಡ್ ಹಾಕಿದ್ನಲ್ಲ!"

ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಗುಬ್ಬಿ ಹೇಳಿದ ಕಾರಣ ಕೇಳಿದಾಗ ಅವನು ಸ್ಪ್ಯಾನರ್ ಕೆಳಗಿಟ್ಟ.

"ನಾನು ಅವಳಿಗೆ ಕಾಣದ ಹಾಗೆ ಅಳ್ತಿದೀನಿ ಅಂದ್ಕೊಂಡಿದ್ದೆ" ಎಂದ. "ಶನಿವಾರ ಕನ್ನಡಕದ ಅಂಗಡಿಗೆ... ನೀವೂ ಬರ್ತೀರಾ? ನನಗೊಬ್ಬನಿಗೆ ಧೈರ್ಯ ಸಾಲದು."

ಅವಳು ಹೋದಳು. ಗುಂಡನೆಯ ಕನ್ನಡಕ ಹಾಕಿಕೊಂಡು ಗುಬ್ಬಿ ಹೆದರುತ್ತಲೇ ಮಾಮನತ್ತ ತಿರುಗಿದಳು. ಅವನ ಕಣ್ಣು ತುಂಬಿ ಬಂತು, ಆದರೆ ತುಟಿ ನಗುತ್ತಿತ್ತು.

"ಅಳ್ತಿದೀಯಾ ಮಾಮ?"

"ಹೂಂ ಪುಟ್ಟಾ. ನನ್ನಕ್ಕ ಎಷ್ಟು ಚೆಂದ ಇದ್ಲು ಅಂತ ಈಗ ನೆನಪಾಯ್ತು. ಇದು ಒಳ್ಳೆ ಅಳು."

ಪಕ್ಕದಲ್ಲಿ ನಿಂತಿದ್ದ ನರ್ಸ್ ಸುಮ್ಮನೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಎದೆಯಲ್ಲಿ ಏನೋ ಕರಗುತ್ತಿತ್ತು...

ಆ ಮೇಲೆ ಅವನ ಮೆಸೇಜುಗಳು ಶುರುವಾದವು.

'ಮೇಡಂ, ತಲೇಲಿ ಹೇನಿದ್ರೆ ಶಾಲೆಗೆ ಕಳಿಸ್ಬೋದಾ?'

'ಕಳಿಸಿ. ಸಂಜೆ ಔಷಧಿ ಹಚ್ಚಿ ಸಣ್ಣ ಬಾಚಣಿಗೇಲಿ ಬಾಚಿ. ನಿಮ್ಮ ತಲೇನೂ ನೋಡ್ಕೊಳ್ಳಿ!'

'ಬೂಸ್ಟರ್ ಲಸಿಕೆ ಹಾಕಿಸ್ದೆ. ಅವಳು ಅಳ್ಲಿಲ್ಲ. ನನಗೆ ತಲೆ ಸುತ್ತಿತು.'

ಓದಿ ಒಬ್ಬಳೇ ನಗುತ್ತಿದ್ದಳು. ಮೆಸೇಜು ಬಾರದ ದಿನ ಫೋನ್ ಕೆಟ್ಟಿದೆಯೇನೋ ಎಂದು ಆರಿಸಿ ಹಚ್ಚಿ ನೋಡುತ್ತಿದ್ದಳು!

ಅರ್ಧವಾರ್ಷಿಕ ರಜೆ ಮುಗಿಯುವ ಹಿಂದಿನ ಸಂಜೆ ಒಂದು ಮೆಸೇಜು ಬಂತು.

'ಇವತ್ತು ಯಾರಿಗೂ ಏನೂ ಆಗಿಲ್ಲ. ಸುಮ್ನೆ ನಿಮ್ಮ ಜೊತೆ ಮಾತಾಡ್ಬೇಕು ಅನ್ನಿಸ್ತು.'

ಅವಳು ಅದನ್ನು ಐದು ಸಲ ಓದಿದಳು. 'ಪಾರ್ಕಿಗೆ ಬನ್ನಿ' ಎಂದು ಬರೆದಳು.

ಗುಬ್ಬಿ ಜಾರುಬಂಡೆಯ ಮೇಲಿದ್ದಳು. ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕುಳಿತಿದ್ದರು.

"ಮೇಡಂ, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವು ನಮ್ಮನೇಲಿ ಇದ್ರೆ ಚೆನ್ನಾಗಿರುತ್ತೆ ಅಂತ ಗುಬ್ಬಿಗೂ ಅನ್ಸುತ್ತೆ. ನನಗಂತೂ... ಬಹಳ ದಿನದಿಂದ ಅನ್ಸಿದೆ."

ಅವಳ ಮುಖ ಕೆಂಪಾಯಿತು.

"ಮೊದಲು ಆ ಮೇಡಂ ಅನ್ನೋದನ್ನ ಬಿಡಿ."

"ಮತ್ತೆ ಏನನ್ಲಿ?"

"ನೀನು ಅನ್ನಿ."

"'ಅನ್ನಿ' ಅಂತ ನೀವೇ ಬಹುವಚನ ಹಾಕಿದ್ರೆ ನಾನು ಹೇಗೆ ಅನ್ಲಿ?"

ಅವಳು ನಕ್ಕಳು. ಬೆಂಚಿನ ತುದಿಯಿಂದ ಮೆಲ್ಲಗೆ ಅವನ ಪಕ್ಕಕ್ಕೆ ಸರಿದಳು.

"ಸರಿ... ನೀನು ಅನ್ನು."

"ಬರ್ತೀಯಾ?"

"ಬರ್ತೀನಿ ಕಣೋ."