ಕಂಪ್ಲಿಯ ಹನ್ನೊಂದು ಕಡ್ಡಿ

ಕುಡುಗೋಲಿನ ಮೊನೆ ನನ್ನ ಗಂಟಲಿಗೆ ಒತ್ತಿಕೊಂಡಿತ್ತು.

ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗುತ್ತಿತ್ತು. ಹುಟ್ಟು ಹಾಕುವವರೇ ಇಲ್ಲ. ಹಾಕಬೇಕಾದ ಕೈ ಕುಡುಗೋಲು ಹಿಡಿದಿತ್ತು!

"ಚೀಲ ಬಿಚ್ಚು."

"ಯವ್ವಾ... ಮದ್ಲು ದಡ ಮುಟ್ಟಿಸು, ಆಮ್ಯಾಲೆ..."

"ಬಿಚ್ಚಲೇ!"

ತಪ್ಪು ನನ್ನದೇ. ಕೊಟ್ರಬಸಪ್ಪ ಅಂದರೆ ಹೊಸಪೇಟೆಯಲ್ಲಿ ಹೆಸರಿದೆ. ಪೊಲೀಸರು ಮಾಡಲಾರದ, ಮರ್ಯಾದಸ್ಥರು ಮಾಡಬಾರದ ಕೆಲಸಗಳನ್ನೆಲ್ಲ ಮಾಡಿಕೊಡುವವನು ನಾನು. ಅಂಥವನು ಅವತ್ತು ಮಧ್ಯಾಹ್ನ ಕಂಪ್ಲಿಯ ದುರುಗವ್ವ ಅನ್ನುವವಳ ಹಿತ್ತಲಿಗೆ ನುಗ್ಗಿದ್ದೆ. ಮನೆಗೆ ಬೀಗ ಇತ್ತು. ಅಂಜೂರದ ಗಿಡದಿಂದ ಹನ್ನೊಂದು ಕಡ್ಡಿ ಕತ್ತರಿಸಿದ್ದೇ ತಡ, ನಾಯಿ ಬೊಗಳಿತು. ಓಣಿ ಎದ್ದಿತು. "ಕಳ್ಳ! ಕಳ್ಳ!"

ಓಡಿದೆ. ಹೊಳೆ ದಾಟಿದರೆ ನಿಜಾಮನ ಸೀಮೆ. ಮದರಾಸಿನ ಪೊಲೀಸ್ ಅಲ್ಲಿ ಕಾಲಿಡುವ ಹಾಗಿಲ್ಲ. ದಡದಲ್ಲಿ ಒಂದೇ ಹರಿಗೋಲು. ತಲೆ ತುಂಬ ಸೆರಗು ಹೊದ್ದ ಮುದುಕಿ ಹುಟ್ಟು ಹಿಡಿದು ಕೂತಿದ್ದಳು. ಹಾರಿ ಕೂತೆ. "ಜಲ್ದಿ ಹೊಡಿ ಯವ್ವಾ!" ಅಂದೆ. ಹೊಡೆದಳು... ನಡುಹೊಳೆಯವರೆಗೆ.

ಅವಳೇ ದುರುಗವ್ವ ಅಂತ ನನಗೆ ಯಾರು ಹೇಳಬೇಕಿತ್ತು?

ಚೀಲ ಬಿಚ್ಚಿದೆ. ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳು. ಮರ ಕೊರೆಯುವ ಬೈರಿಗೆ. ಒಂದು ದೊಡ್ಡ ಪೊಟ್ಟಣ ಮೈಲುತುತ್ತ, ನೀಲಿ ವಿಷದ ಹರಳು.

"ಕಡ್ಡಿ ಸರಿ. ಈ ಬೈರಿಗಿ ಯಾಕೋ?"

ಕುಡುಗೋಲು ಚುಚ್ಚಿತು.

"ಬುಡಕ್ಕ ತೂತು ಹೊಡ್ಯಾಕ... ಅದರಾಗ ಮೈಲುತುತ್ತ ತುಂಬಾಕ."

"ಗಿಡ ಸಾಯ್ಲಿ ಅಂತ?"

"ಹೂಂ."

"ತುಂಬಿದ್ಯಾ?"

"ಇಲ್ಲವ್ವಾ. ಅಷ್ಟ್ರಾಗ ನಾಯಿ ಬೊಗಳ್ತು."

ಮುದುಕಿ ಉಸಿರು ಬಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು. ಕಾಲಿಗೆ ಹೇಸಿಗೆ ಮೆತ್ತಿಕೊಂಡರೆ ನೋಡುತ್ತೇವಲ್ಲ, ಹಾಗೆ.

"ಕಡ್ಡಿ ಬೇಕಂದಿದ್ರ ನಾನಾ ಕೊಯ್ದು ಕೊಡ್ತಿದ್ನೆಲ್ಲೋ! ಕೇಳಾಕ ಬಾಯಿ ಇದ್ದಿಲ್ಲೇನು ನಿನಗ? ಹೊಳಿ ತುಂಬಿದ್ರ ಹರಗೋಲು ನಡಿಯಂಗಿಲ್ಲ. ಬ್ಯಾಸಗ್ಯಾಗ ನೀರ ಇರಂಗಿಲ್ಲ. ಆವಾಗೆಲ್ಲ ಆ ಗಿಡಾನ ನನಗ ಅನ್ನ ಹಾಕ್ತೈತಿ. ಹಂಪಿ ಬಜಾರದಾಗ ಕುಂತು ಹಣ್ಣು ಮಾರಿ ಉಣ್ತೀನಿ. ಅದನ್ನ ಕೊಲ್ಲಾಕ ಬಂದ್ಯಾ?"

ಕೇಳಿದರೆ ಕೊಡುತ್ತಿದ್ದಳಂತೆ! ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಳಿಸಿದ ಆ ಮನುಷ್ಯನ ಮೇಲೆ.

ಅವನು ಗಾದಿಲಿಂಗಪ್ಪ. ಸಂಡೂರಿನ ಗುಡ್ಡದಿಂದ ಅದಿರು ಸಾಗಿಸುವ ಕಾಂಟ್ರಾಕ್ಟರ್. ಹೊಸಪೇಟೆಯಲ್ಲಿ ಬಂಗಲೆ, ಮೋಟಾರು, ಕಾಂಪೌಂಡಿನ ತುಂಬ ಅಂಜೂರ. ಮೂವತ್ತಾರನೇ ಇಸವಿಯ ಮಾತು. ಆಗ ದೊಡ್ಡವರಿಗೆಲ್ಲ ಅಂಜೂರದ ಜಾತಿ ಕೂಡಿಹಾಕುವ ಹುಚ್ಚು. ಬಳ್ಳಾರಿಯ ರಿಟೈರ್ಡ್ ಜಡ್ಜು, ರೈಲ್ವೆ ಇಂಜಿನಿಯರು, ನೀಲಗಿರಿಯ ದೊರೆ... ಒಬ್ಬರಿಗೊಬ್ಬರು ಕಾಗದ ಬರೆಯುವುದು, ಕಡ್ಡಿಯ ಎರಡೂ ತುದಿಗೆ ಮೇಣ ಹಚ್ಚಿ ಪಾರ್ಸೆಲ್ ಕಳಿಸುವುದು. "ನಿಮ್ಮ ಹತ್ರ ಮಾರ್ಸೇಲ್ಸ್ ಐತೇನು? ಬ್ರೌನ್ ಟರ್ಕಿ? ಪೂನಾ?" ಒಂದೊಂದು ಗಿಡಕ್ಕೂ ಜಾತಿಯ ಹೆಸರು ಕೊರೆದ ತಗಡು. ಸ್ಮಿರ್ನಾ ಅಂತ ಒಂದಿತ್ತು. ಅದರ ಕಾಯಿ ವರ್ಷಾ ವರ್ಷಾ ಹಣ್ಣಾಗದೆ ಉದುರುತ್ತಿತ್ತು. ಗಾದಿಲಿಂಗಪ್ಪ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದ! ತಿನ್ನುವುದು ಯಾರಿಗೆ ಬೇಕಿತ್ತು? ಬೇಕಾದದ್ದು ತಗಡು.

ಒಂದು ಸಲ ಯಾರೋ ಆಫೀಸರನ ಮೇಜಿನ ಮೇಲೆ ಸಿಪ್ಪೆ ಸುಲಿದು ಹೋಳು ಮಾಡಿಟ್ಟ ಅಂಜೂರ ತಿಂದನಂತೆ. ಹಂಪಿ ಬಜಾರದ ಮುದುಕಿಯಿಂದ ಕೊಂಡಿದ್ದು. ಜೇನಿನಂಥ ರುಚಿ. ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. ಮುದುಕಿಯ ಮನೆ ಪತ್ತೆ ಮಾಡಿಸಿ, ಚೀಲ ಕಟ್ಟಿ ನನ್ನ ಕೈಗಿಟ್ಟ.

"ಕಡ್ಡಿ ತಗಂಬಾ. ಗಿಡ ಕೊಂದು ಬಾ."

"ಕೊಲ್ಲಾದು ಯಾಕ್ರಿ ಸಾವ್ಕಾರ್ರ?"

"ಲೇ ಕೊಟ್ರ್ಯಾ, ನನ್ ಮನ್ಯಾಗಷ್ಟ ಇದ್ರ ಜಡ್ಜು ನೋಡಾಕ ಬರ್ತಾನ. ಅಕಿ ಮನ್ಯಾಗೂ ಇದ್ರ ಅದು ಸಂತಿ ಕಾಯಿಪಲ್ಲೆ!"

ನಾನು ಹೂಂ ಅಂದಿದ್ದೆ. ಹೌದು, ಅಂದಿದ್ದೆ. ಮುಚ್ಚಿಡುವುದೇನಿದೆ?

"ಬೈರಿಗಿ ಹೊಳಿಗೆ ಒಗಿ," ಅಂದಳು ದುರುಗವ್ವ. ಒಗೆದೆ. ಪೊಟ್ಟಣವನ್ನೂ ಎತ್ತಿದೆ. ಕೈ ಹಿಡಿದಳು. "ಥೂ! ಹೊಳಿ ಗಂಗವ್ವಗ ವಿಷ ಹಾಕ್ತಿಯೇನಲೇ?"

ಢಂ!

ಹರಿಗೋಲಿನ ಅಂಚು ಹಾರಿ ಹೋಯಿತು. ನನ್ನ ಮೊಣಕೈಯಿಂದ ಒಂದೇ ಗೇಣು!

ನಿಜಾಮನ ದಡದಲ್ಲಿ ಉಜ್ಜಿನಪ್ಪ ನಿಂತಿದ್ದ. ಗಾದಿಲಿಂಗಪ್ಪನ ಬೇಟೆ ಬಂದೂಕು ಹೊರುವವನು. ನಾನು ಕಡ್ಡಿ ಸಮೇತ ಹೊಳೆ ದಾಟಿ ಪರಾರಿಯಾಗದ ಹಾಗೆ ಆ ದಡದಲ್ಲಿ ನಿಲ್ಲಿಸಿದ್ದ ಕಾವಲು. ನಡುಹೊಳೆಯಲ್ಲಿ ಮಾತು ನಡೆದದ್ದು ಅವನಿಗೆ ಸರಿ ಕಂಡಿರಲಿಲ್ಲ.

"ತಿರುಗಿಸು ಯವ್ವಾ! ವಾಪಸ್ ಕಂಪ್ಲಿಗೆ!"

"ಅವನ್ಯಾರು?"

"ನಾನು ಬಿಟ್ಟ ಕೆಲಸ ಮುಗ್ಸಾವ. ಇವತ್ತು ಓಡಿಸಿದ್ರ ನಾಳಿ ಬರ್ತಾನ. ಗಿಡ ಸತ್ತದ್ದನ್ನ ಕಣ್ಣಾರ ನೋಡೋತನ ಬಿಡಂಗಿಲ್ಲ."

ಅವಳು ಹುಟ್ಟು ಹಾಕಿದಳು. ಅರವತ್ತು ದಾಟಿದ ತೋಳು, ಎಂಥ ಹೊಡೆತ! ಹಿಂದಿನಿಂದ ಇನ್ನೊಂದು ಗುಂಡು. ನೀರು ಚಿಮ್ಮಿತು. ತಿರುಗಿ ನೋಡಿದೆ. ಉಜ್ಜಿನಪ್ಪ ಆ ದಡದಲ್ಲಿ ಇನ್ನೊಂದು ಹರಿಗೋಲಿನವನ ಎದೆಗೆ ಬಂದೂಕು ಹಿಡಿದಿದ್ದ.

"ಕಣ್ಣಾರ ನೋಡ್ಬೇಕಾ ಅವಗ?" ಮುದುಕಿ ಹಲ್ಲು ಕಚ್ಚಿದಳು. "ನೋಡ್ಲಿ. ಅಂಜೂರದ ಮ್ಯಾಲಿಂದು ಕಡದ್ರ ಬೇರು ಸಾಯಂಗಿಲ್ಲ. ಎರಡು ವರ್ಸ ಹಣ್ಣಿರಂಗಿಲ್ಲ. ಅಷ್ಟ."

ಎರಡು ವರ್ಷ ಅವಳು ಏನು ತಿನ್ನುತ್ತಾಳೆ? ಕೇಳುವ ಮುಖ ನನಗಿರಲಿಲ್ಲ.

ದಡ. ಓಣಿ. ಹಿತ್ತಲು. ದೊಣ್ಣೆ ಹಿಡಿದು ಬಂದವರನ್ನು ಅವಳೇ ಬೈದು ಓಡಿಸಿದಳು. ಕೊಡಲಿ ತಂದು ನನ್ನ ಕೈಗೆ ಕೊಟ್ಟಳು.

"ಮೊಣಕಾಲುದ್ದ ಬಿಟ್ಟು ಕಡಿ. ಬೇರಿನ ತಂಟೀಗಿ ಹೋದ್ರ ನಿನ್ನ ಕಾಲು ಕಡೀತೀನಿ."

ತೋಳಿನ ದಪ್ಪದ ಆರು ಕಾಂಡ. ಮೆತ್ತನೆ ಮರ. ಒಂದೊಂದು ಏಟಿಗೂ ಬಿಳಿ ಹಾಲು ಸುರಿಯಿತು. ದುರುಗವ್ವ ಅಷ್ಟರಲ್ಲಿ ಸುಣ್ಣದ ಗಡಿಗೆ ತಂದು, ಮೈಲುತುತ್ತ ಕರಗಿಸಿ ಕಲಸುತ್ತಿದ್ದಳು. ನೀಲಿ ಗಂಜಿಯಂತಾಯಿತು.

"ಅದ್ಯಾಕ?"

"ದ್ರಾಕ್ಷಿ ತ್ವಾಟದಾಗ ಕೂಲಿ ಮಾಡೀನಿ. ಬರೇ ಮೈಲುತುತ್ತ ವಿಷ. ಸುಣ್ಣ ಕೂಡಿದ್ರ ಗಾಯಕ್ಕ ಔಷಧ. ನೋಡಾವರಿಗಿ ಎರಡೂ ನೀಲಿನಾ."

ಬಳಿದು ಮುಗಿಸುವಷ್ಟರಲ್ಲಿ ಬಂದೂಕಿನ ನಳಿಗೆ ನನ್ನ ಬೆನ್ನಿಗೆ ತಾಗಿತು.

"ವಾಪಸ್ ಯಾಕ ತಿರುಗಿದಿ ಕೊಟ್ರಣ್ಣ?"

"ಕೆಲಸ ಅರ್ಧ ಆಗಿತ್ತು. ಮುಗ್ಸಾಕ ಬಂದೆ. ನೋಡು."

ಉಜ್ಜಿನಪ್ಪ ಬಗ್ಗಿದ. ಉಗುರಿನಿಂದ ನೀಲಿ ಕೆರೆದ. ಮೂಸಿದ. ಮುಖ ಕಿವುಚಿದ. ದುರುಗವ್ವ ಗೋಡೆಗೆ ಒರಗಿ ಅಳುತ್ತಿದ್ದಳು. ಭಲೇ ನಾಟಕ ಅಂದುಕೊಂಡೆ. ಆಮೇಲೆ ಕಂಡೆ, ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಅಳುವಿನ ಸದ್ದು ಅಡಗಿಸುತ್ತಿದ್ದಳು. ನಾಟಕ ಅಲ್ಲ.

"ಯವ್ವನ ಗಿಡ ಹೋತಲ್ಲ ಪಾಪ," ಅಂದು ನಕ್ಕ ಉಜ್ಜಿನಪ್ಪ. ಕಡಿದ ಕೊಂಬೆಗಳನ್ನೆಲ್ಲ ಒಟ್ಟಿ ಬೆಂಕಿ ಇಟ್ಟ. ಒಂದು ಕಡ್ಡಿಯೂ ಉಳಿಯಬಾರದು ಅಂತ ಅಪ್ಪಣೆಯಾಗಿತ್ತಂತೆ. ಹಸಿ ಸೌದೆ ಹೊತ್ತದೆ ಹೊಗೆಯಾಡಿತು. ಅವನು ಸೀಮೆಎಣ್ಣೆ ಕೇಳಿದ. ಗಿಡದ ಒಡತಿಯ ಹತ್ತಿರವೇ!

ಆ ಹೊಗೆಯಲ್ಲಿ ನಿಂತು ನಿರ್ಧಾರ ಮಾಡಿದೆ. ಚೀಲದ ಕಡ್ಡಿ ಗಾದಿಲಿಂಗಪ್ಪನಿಗೆ ಸಿಗಬಾರದು. ಸತ್ತರೂ ಸಿಗಬಾರದು.

ಸಂಜೆಗೆ ಮುಂಚೆ, ಊರಾಚೆ ಕಾಯುತ್ತಿದ್ದ ಸಾವ್ಕಾರನ ಮೋಟಾರು ನಮ್ಮನ್ನು ಬಂಗಲೆಗೆ ತಂದು ಬಿಟ್ಟಿತು. ಉಜ್ಜಿನಪ್ಪ ಸುದ್ದಿ ಹೇಳಲು ಒಳಗೆ ಓಡಿದ.

"ಕೈಕಾಲು ತೊಳಕಂಡು ಬರ್ತೀನಿ," ಅಂದೆ ನಾನು.

ಹಿಂದುಗಡೆ ಬಚ್ಚಲುಮನೆ. ಅದರ ನೀರು ಕುಡಿದು ತಾನಾಗಿ ಬೆಳೆದ ಒಂದು ಅಂಜೂರ ಅಲ್ಲಿತ್ತು. ತಗಡಿಲ್ಲ, ಹೆಸರಿಲ್ಲ. ಬಳ್ಳಾರಿ ಸೀಮೆಯ ಹಿತ್ತಲು ಹಿತ್ತಲಲ್ಲೂ ಇರುವ ಜಾತಿ. ಅದರ ಹಣ್ಣನ್ನು ಆಳುಗಳು ಎಮ್ಮೆಗೆ ಹಾಕುತ್ತಿದ್ದರು. ಎಲೆ ಉದುರಿದ ಕಾಲ. ಎಲೆ ಇಲ್ಲದಾಗ ಎಲ್ಲ ಅಂಜೂರದ ಕಡ್ಡಿಯೂ ಒಂದೇ ಥರ! ಚೂರಿ ತೆಗೆದೆ. ಒಂದು, ಎರಡು... ಹನ್ನೊಂದು. ಕಂಪ್ಲಿಯ ಕಡ್ಡಿ ಬಚ್ಚಲೊಲೆಯ ಸೌದೆ ರಾಶಿಯ ಕೆಳಗೆ. ಇವು ಒದ್ದೆ ಗೋಣಿಯೊಳಗೆ.

"ಕೊಟ್ರ್ಯಾ! ಎಲ್ಲಿ ಸತ್ತಿ?"

ಹೋಗಿ ಕೊಟ್ಟೆ. ಗಾದಿಲಿಂಗಪ್ಪ ಗೋಣಿ ಬಿಚ್ಚಿದ. ಕಡ್ಡಿಯ ತುದಿ ನೋಡಿದ. ಹುಬ್ಬು ಗಂಟಿಕ್ಕಿದ.

"ಯಾವಾಗ ಕೊಯ್ದಿದ್ದು?"

"ಮಧ್ಯಾಹ್ನರಿ."

"ಇನ್ನಾ ಹಾಲು ಸೋರಾಕ ಹತ್ತೈತಲ್ಲೋ!"

ಉಜ್ಜಿನಪ್ಪನ ಕೈ ಬಂದೂಕಿನ ಮೇಲಿತ್ತು.

ಗಾದಿಲಿಂಗಪ್ಪನ ಕಣ್ಣು ತುಂಬಿ ಬಂತು. "ನೋಡ್ರಲೇ... ಮೂರು ತಾಸಾದ್ರೂ ಹಾಲು ನಿಂತಿಲ್ಲ! ಜಾತಿ ಅಂದ್ರ ಇದು!"

ಕಡ್ಡಿಗೆ ಮುತ್ತು ಕೊಟ್ಟ.

ನಿಜವಾದ ಹನ್ನೊಂದನ್ನು ಮರುದಿನ ಸೌದೆಯ ಕೆಳಗಿನಿಂದ ತೆಗೆದು ಸಂಡೂರಿಗೆ ಒಯ್ದೆ. ನನ್ನ ಅಕ್ಕ ತಾಯಕ್ಕ ಅಲ್ಲಿದ್ದಾಳೆ. ಅವಳ ಹಿತ್ತಲಲ್ಲಿ ನೆಟ್ಟು, ಕೇಳಿದವರಿಗೆಲ್ಲ ಕಡ್ಡಿ ಕೊಡು ಅಂದೆ. ಕಂಪ್ಲಿಯ ಬುಡ ಯುಗಾದಿ ಹೊತ್ತಿಗೆ ಚಿಗುರಿತು. ಆ ಎರಡು ವರ್ಷ ದುರುಗವ್ವನ ಮನೆಗೆ ತಿಂಗಳು ತಿಂಗಳು ಜೋಳ ಹಾಕಿದೆ. ಅವಳು ಇಳಿಸಿಕೊಂಡಳು. ಮಾತಾಡಲಿಲ್ಲ. ಒಳಗೆ ಕರೆಯಲಿಲ್ಲ. ಸರಿಯಾಗೇ ಮಾಡಿದಳು. ಈಗ ಹಣ್ಣು ಬಿಟ್ಟಿದೆ, ಗಾದಿಲಿಂಗಪ್ಪನ ಕಣ್ಣಿಗೆ ಬೀಳದ ಹಾಗೆ ಹೊಳೆ ದಾಟಿಸಿ ಗಂಗಾವತಿ ಸಂತೆಯಲ್ಲಿ ಮಾರುತ್ತಾಳೆ.

ಗಾದಿಲಿಂಗಪ್ಪನ ಗಿಡವೂ ಮೂರನೇ ವರ್ಷ ಹಣ್ಣು ಬಿಟ್ಟಿತು. ಹಿತ್ತಾಳೆ ತಗಡು, ಸುತ್ತ ಬೇಲಿ. ಜಡ್ಜು ಬಂದರು, ಇಂಜಿನಿಯರು ಬಂದರು. ಬೆಳ್ಳಿ ತಟ್ಟೆಯಲ್ಲಿ ತಲೆಗೊಂದು ಹಣ್ಣು. ಎಲ್ಲರೂ ಕಣ್ಣು ಮುಚ್ಚಿ ತಿಂದರು. "ಆಹಾ!" ಅಂದರು. "ಫಸ್ಟ್ ಕ್ಲಾಸ್!" ಅಂದರು. ಗಾದಿಲಿಂಗಪ್ಪ ಒಂದು ಹೋಳು ಬಾಯಲ್ಲಿಟ್ಟುಕೊಂಡು, "ಅದಾ ರುಚಿ... ಅದಾ ಜೇನು!" ಅಂದ. ಎಮ್ಮೆ ತಿನ್ನುವ ಹಣ್ಣು! ಇದನ್ನು ಗುರುತು ಹಿಡಿಯದ ನಾಲಿಗೆಗಾಗಿ ಒಂದು ಮುದುಕಿ ಎರಡು ವರ್ಷ ತನ್ನ ಗಿಡದ ಅನ್ನ ಕಳಕೊಂಡಿದ್ದಳು. ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ನುಂಗಿಕೊಂಡೆ.

ಎಲ್ಲರೂ ಹೋದ ಮೇಲೆ ಕರೆದ.

"ಕೊಟ್ರ್ಯಾ, ಬಚ್ಚಲ ಹಿಂದ ಒಂದು ದರಿದ್ರ ಅಂಜೂರ ಐತಲ್ಲ? ಕಡದು ಒಗಿ. ಇಂಥಾ ಗಿಡ ಇರೋ ಕಾಂಪೌಂಡಿನ್ಯಾಗ ಅದು ಇರಬಾರ್ದು."

ಕಡಿದೆ, ಬೇರುಸಮೇತ. ಆ ಜಾತಿಯದು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಹತ್ತು ಸಾವಿರ ಇರಬಹುದು... ತನ್ನ ಗಿಡವೂ ಅದೇ ಅಂತ ಅವನಿಗೇನಾದರೂ ಗೊತ್ತಾದರೆ, ಅಷ್ಟನ್ನೂ ಕಡಿಯುವುದೇ ನನಗೆ ಸಾಯುವವರೆಗೂ ಕೆಲಸ!