ನಾಲ್ಕು ಬೆರಳು ಪಕ್ಕಕ್ಕೆ

"ನಿಲ್ಲಿ! ಒರೆಸಬೇಡಿ!"

ಒದ್ದೆ ಬಟ್ಟೆ ಹಿಡಿದಿದ್ದ ಗಣಿತದ ಟೀಚರ್ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಸ್ಮಾರ್ಟ್ ಬೋರ್ಡ್ ರಿಪೇರಿಯವನು. ಅವಳ ಹಿಂದೆ, ಬೆರಳಲ್ಲಿ ಬರೆಯಬೇಕಾದ ಹೊಸ ಬೋರ್ಡಿನ ಮೇಲೆ, ಅಳಿಸಲಾಗದ ಕಪ್ಪು ಮಾರ್ಕರಿನ ದೊಡ್ಡ ತ್ರಿಕೋನ!

"ಅದು... ಅಭ್ಯಾಸಬಲ..." ಅವಳ ಕಿವಿ ಬಿಸಿಯಾಯಿತು. 'ಹೆಡ್‌ಮಿಸ್ ನೋಡಿದರೆ ನನ್ನ ಕಥೆ ಮುಗೀತು!'

ಅವನು ಜೇಬಿನಿಂದ ಅಳಿಸಬಹುದಾದ ಮಾರ್ಕರ್ ತೆಗೆದು, ಅವಳ ಗೆರೆಗಳ ಮೇಲೇ ಗೆರೆ ಎಳೆದ. ಒರೆಸಿದ. ಎರಡೂ ಒಟ್ಟಿಗೇ ಹೋದವು.

"ಯಾರಿಗೂ ಹೇಳಲ್ಲ ಬಿಡಿ," ಎಂದು ನಕ್ಕ.

ಆಮೇಲೆ ಬೋರ್ಡಿಗೆ ಬೇರೆಯೇ ಚಾಳಿ ಶುರುವಾಯಿತು. ಮುಟ್ಟಿದ ಜಾಗ ಬಿಟ್ಟು ನಾಲ್ಕು ಬೆರಳು ಪಕ್ಕದಲ್ಲಿ ಗೆರೆ ಮೂಡುತ್ತಿತ್ತು. ತಿಂಗಳಿಗೆರಡು ಸಲ ಅವನು ಬಂದು, ಪರದೆಯ ಒಂಬತ್ತು ಚುಕ್ಕಿಗಳನ್ನು ಒಂದೊಂದಾಗಿ ಒತ್ತಿ ಸರಿಮಾಡುತ್ತಿದ್ದ. ಮೂರನೇ ಸಲದಿಂದ ಅವಳು ಎರಡು ಲೋಟ ಟೀ ತರತೊಡಗಿದಳು.

"ಏನ್ರೀ, ಬೋರ್ಡ್ ಕೆಟ್ಟಾಗಲೆಲ್ಲ ನಿಮ್ಮ ಮುಖ ಅರಳುತ್ತಲ್ಲ!" ವಿಜ್ಞಾನದ ಟೀಚರ್ ಛೇಡಿಸಿದಳು.

ಒಂದು ಸೋಮವಾರ ಹೆಡ್‌ಮಿಸ್ ಕರೆದು ಹೇಳಿದರು. "ಆ ರಿಪೇರಿಯವರು ಇನ್ನು ನಿಮ್ಮ ಕ್ಲಾಸಿಗೆ ಬರಲ್ವಂತೆ. ಇವತ್ತೇ ಕೊನೇ ಸಲ ಅಂತ ಅವರೇ ಬರೆದುಕೊಟ್ಟಿದ್ದಾರೆ."

ಅವಳು ತಲೆಯಾಡಿಸಿ ಹೊರಬಂದಳು. 'ನನ್ನಿಂದ ಬೇಸತ್ತುಬಿಟ್ಟನಾ...?'

ಸಂಜೆ ಅವನು ಬಂದಾಗ ಮೇಜಿನ ಮೇಲೆ ಒಂದೇ ಲೋಟವಿತ್ತು. ಅವನು ಅದನ್ನು ನೋಡಿದ. ಏಣಿ ಹತ್ತಿ, ಬೋರ್ಡಿನ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರಿನ ಸ್ಕ್ರೂ ಒಂದನ್ನು ಬಿಗಿಮಾಡಿ ಇಳಿದ.

"ಟೀಚರ್, ಇದು ಸಡಿಲ ಇದ್ದದ್ದಕ್ಕೇ ಗೆರೆ ತಪ್ಪುತ್ತಿತ್ತು. ಎರಡನೇ ಸಲ ಬಂದಾಗಲೇ ನೋಡಿದ್ದೆ."

"ಮತ್ತೆ ಆವತ್ತೇ ಯಾಕೆ ಬಿಗಿ ಮಾಡಲಿಲ್ಲ?"

"ಮಾಡಿದ್ರೆ ನೀವು ನನ್ನನ್ನ ಕರೀತಿರಲಿಲ್ಲ..." ಅವನು ಸ್ಕ್ರೂಡ್ರೈವರ್ ಕಡೆಗೇ ನೋಡುತ್ತಿದ್ದ. "ಹೋದ ಸಲ ನಿಮ್ಮ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡಿನಲ್ಲಿ ವೃತ್ತ ಸರಿ ಬರಲಿಲ್ಲ ಅಂತ ಅತ್ತಳಲ್ಲ? ತಪ್ಪು ಅವಳದ್ದಲ್ಲ, ನನ್ನದು. ನಾಚಿಕೆಯಾಯ್ತು. ಅದಕ್ಕೇ ಇವತ್ತು ಪೂರ್ತಿ ಸರಿಮಾಡಿ ಮುಗಿಸ್ತೀನಿ ಅಂತ ಬರೆದುಕೊಟ್ಟೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ... ಆದರೆ ನಾಲ್ಕು ಬೆರಳು ಪಕ್ಕಕ್ಕೆ ಬಿದ್ದು, ನಗುವಾಗಿಬಿಟ್ಟಿತು!

"ನಾಳೆ ಆ ಹುಡುಗಿ ಹತ್ರ ಸಾರಿ ಕೇಳಬೇಕು ನೀವು."

"ಖಂಡಿತ ಕೇಳ್ತೀನಿ." ಅವನು ಬೋರ್ಡ್ ಆನ್ ಮಾಡಿದ. ಒಂಬತ್ತು ಚುಕ್ಕಿಗಳು ಮೂಡಿದವು. "ಮುಂದೆ ಮತ್ತೇನಾದರೂ ತಪ್ಪಿದರೆ ಇದು ಐದೇ ನಿಮಿಷದ ಕೆಲಸ. ಬನ್ನಿ, ಕಲಿಸಿಕೊಡ್ತೀನಿ. ಆಮೇಲೆ ನಿಮಗೆ ನನ್ನ ಅಗತ್ಯವೇ ಇರಲ್ಲ."

ಅವಳು ತನ್ನ ಲೋಟವನ್ನು ಅವನತ್ತ ಸರಿಸಿದಳು.

"ನಾನು ಕಲಿಯಲ್ಲ."